ತಿರುವಿನ ರಂಗೋಲಿ

ಮಾಗಡಿಯ ನಮ್ಮ ಬೀದಿಯ ತಿರುವಿನಲ್ಲಿ ‘ನಿಧಾನ’ ಎಂಬ ಫಲಕವಿದ್ದರೂ ಬೈಕಿನವರು ವೇಗ ತಗ್ಗಿಸುತ್ತಿರಲಿಲ್ಲ. ಅದಕ್ಕೇ ನಮ್ಮತ್ತೆ ದೊಡ್ಡಲಕ್ಷ್ಮಮ್ಮ ದಿನವೂ ಅಲ್ಲಿ ನೀರು ಚಿಮುಕಿಸಿ, ರಸ್ತೆಯ ಅಗಲಕ್ಕೂ ರಂಗೋಲಿ ಬಿಡುತ್ತಿದ್ದರು.

“ಬೋರ್ಡ್ ನೋಡ್ದೆ ಹೋಗೋರೂ ರಂಗೋಲಿ ತುಳಿಯಾಕಿಲ್ಲ ಕಣವ್ವ” ಎನ್ನುತ್ತಿದ್ದರು. ಹನ್ನೊಂದು ವರ್ಷ ಅಲ್ಲಿ ಒಂದು ಮಗುವಿಗೂ ಗಾಯವಾಗಲಿಲ್ಲ.

ಅವರು ತೀರಿಕೊಂಡ ಮೂರನೇ ವಾರ ರಸ್ತೆಗೆ ಹೊಸ ಡಾಂಬರು ಬಿತ್ತು. ಹಂಪ್ ಹಾಕಲಿಲ್ಲ. ಅಂದು ಸಂಜೆ ನಾಲ್ಕಕ್ಕೆ, ಶಾಲೆಯಿಂದ ಬರುವ ಮಗಳು ಸಿರಿಗಾಗಿ ತಿರುವಿನಲ್ಲಿ ಕಾದು ನಿಂತೆ. ಬಿಸಿ ಆರದ ಡಾಂಬರಿನಲ್ಲಿ ಒಂದು ಮಾರು ಜಾಗ ಮಾತ್ರ ಒದ್ದೆಯಾಗಿತ್ತು. ಕೈಯಿಟ್ಟರೆ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ಬೆನ್ನ ಹಿಂದೆ ಅತ್ತೆಯ ರಂಗೋಲಿ ಡಬ್ಬಿಯ ಮುಚ್ಚಳದ ಸದ್ದಾಯಿತು. ಆದರೆ ಡಬ್ಬಿ ಮನೆಯ ಗೂಡಿನಲ್ಲೇ ಇತ್ತು.

ಅಷ್ಟರಲ್ಲಿ ಸಿರಿ ರಸ್ತೆಗಿಳಿದಳು. ಜೋರಾಗಿ ಬಂದ ಬೈಕೊಂದು ಅವಳಿಂದ ಎರಡು ಮಾರು ದೂರದಲ್ಲಿ ಗಕ್ಕನೆ ನಿಂತಿತು.

ಬೈಕಿನಲ್ಲಿದ್ದ ಕುದೂರು ಕಡೆಯ ಹುಡುಗ ನನ್ನನ್ನೇ ಗದರಿದ: “ರೋಡ್ ತುಂಬಾ ರಂಗೋಲಿ ಬುಟ್ಟಿದ್ದೀರಲ್ಲಕ್ಕ, ಹೋಗಾಕೆ ಒಸಿ ಜಾಗ ಬ್ಯಾಡ್ವಾ?”

ನನಗೆ ಕಂಡದ್ದು ಬರೀ ಕಪ್ಪು ಡಾಂಬರು. ಸಿರಿಯನ್ನು ಅವುಚಿಕೊಂಡು, “ನಮ್ಮತ್ತೆ ಬುಟ್ಟಿರೋದು” ಎಂದೆ. ಅಷ್ಟು ಹೆಮ್ಮೆಯಿಂದ ಅವರ ಹೆಸರು ನಾನೆಂದೂ ಎತ್ತಿರಲಿಲ್ಲ.

ಅವನ ಬೈಕಿನ ಮುಂದಿನ ಚಕ್ರಕ್ಕೆ ಬಿಳಿ ಪುಡಿ ಮೆತ್ತಿತ್ತು.