ಹಬೆ ಮಾವ ಆಡದ ಮಾತು

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬೆಳಗ್ಗೆ ಏಳಕ್ಕೆ ಬಾಯ್ಲರ್ ಪೈಪು ಸಿಡಿಯಿತು. ಬಾಯ್ಲರ್ ನೋಡಿಕೊಳ್ಳುವ ಮುದುಕ, ಎಲ್ಲರ ಬಾಯಲ್ಲಿ 'ಹಬೆ ಮಾವ', ಮೈ ಸುಟ್ಟು ಪ್ರಜ್ಞೆ ತಪ್ಪಿ ಬಿದ್ದಿದ್ದ. ಹೆಚ್ಚಾದ ಹಬೆಯನ್ನು ಹೊರಬಿಡಬೇಕಿದ್ದ ಸೇಫ್ಟಿ ವಾಲ್ವನ್ನು ಯಾರೋ ತಂತಿಯಿಂದ ಬಿಗಿದಿದ್ದರು.

ಅವನ ಫೋನಿನಿಂದ ಮಗಳಿಗೆ ಮೆಸೇಜು ಹೋಗಿತ್ತು: "ವಾಲ್ವ್ ಕಟ್ಟಿದ್ದು ನಾನೇ. ಮೀಟರ್ ನೋಡೋದು ಮರೆತೆ."

"ಒಪ್ಕೊಂಡಾಗಿದೆಯಲ್ಲ ಮೇಡಂ," ಎಂದ ಮ್ಯಾನೇಜರ್, ತನಿಖೆಗೆ ಬಂದ ಪೊಲೀಸ್ ಇನ್ಸ್‌ಪೆಕ್ಟರ್‌ಗೆ. ಆ ಸೆಕೆಯಲ್ಲೂ ತುಂಬುತೋಳಿನ ಅಂಗಿಗೆ ಮುಂಗೈತನಕ ಗುಂಡಿ ಹಾಕಿದ್ದ.

ಕರೆಯದೆ ಬಾಯಿಗೆ ಬರುವ ತುತ್ತನ್ನು ಇನ್ಸ್‌ಪೆಕ್ಟರ್ ನಂಬುವವಳಲ್ಲ. ಮೆಕ್ಯಾನಿಕ್‌ನ ಚೀಲ ತೆಗೆಸಿದಳು. ಅದೇ ಬಗೆಯ ತಂತಿ ಸಿಕ್ಕಿತು. ಹಿಂದಿನ ದಿನ ಅವನು ಹಬೆ ಮಾವನ ಜೊತೆ ಜಗಳವನ್ನೂ ಆಡಿದ್ದ.

"ತಂತಿ ಸ್ಟೋರಿಂದು, ಯಾರು ಬೇಕಾದ್ರೂ ತಗೋಬಹುದು. ವಾಲ್ವ್ ಸೋರ್ತಿದೆ, ಬಾಯ್ಲರ್ ನಿಲ್ಸಿ ಮಾವ ಅಂದೆ. ಮ್ಯಾನೇಜರ್ ಬಿಡ್ತಿಲ್ಲ ಅಂದ್ರು. ಅದಕ್ಕೇ ಜಗಳ," ಎಂದ ಮೆಕ್ಯಾನಿಕ್.

*

ಆಸ್ಪತ್ರೆಯಲ್ಲಿ ಮಗಳು ಅಳುತ್ತಿರಲಿಲ್ಲ. ಸಿಟ್ಟಾಗಿದ್ದಳು.

"ಅಪ್ಪ ಉಳೀತಾರೋ ಇಲ್ವೋ. ಕೆಟ್ಟ ಹೆಸರು ಹೊತ್ಕೊಂಡು ಹೋಗೋದು ಬೇಡ. ಈ ಮೆಸೇಜು ಅವರದಲ್ಲ."

"ಹೇಗೆ ಹೇಳ್ತೀಯ?"

"ಅಪ್ಪ ಮೀಟರ್ ಅನ್ನಲ್ಲ. ಚಿಕ್ಕವಳಿದ್ದಾಗ ನಾನು ಹಾಗಂದಿದ್ದಕ್ಕೆ ಊಟ ಬಿಟ್ಟು ಪಾಠ ಮಾಡಿದ್ರು. ಕರೆಂಟು ಲೆಕ್ಕ ಹಾಕೋದು ಮೀಟರ್, ಒತ್ತಡ ತೋರಿಸೋದು ಗೇಜ್ ಅಂತ."

*

ಬಾಯ್ಲರ್ ಮೇಲಿನ, ಮುಳ್ಳಿರುವ ದುಂಡು ಡಬ್ಬಿಯತ್ತ ಇನ್ಸ್‌ಪೆಕ್ಟರ್ ಬೆರಳು ತೋರಿದಳು. "ಇದು ಎಷ್ಟು ತೋರಿಸ್ತಿದೆ?"

"ಗೇಜ್ ಸೊನ್ನೇಲಿದೆ," ಎಂದ ಮೆಕ್ಯಾನಿಕ್.

"ಹೌದು ಮೇಡಂ, ಮೀಟರ್ ಸೊನ್ನೆಗಿಳಿದಿದೆ," ಮ್ಯಾನೇಜರ್ ದನಿಗೂಡಿಸಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಒಂದು ಮಾತಿಗೆ ಯಾರನ್ನೂ ಜೈಲಿಗೆ ಹಾಕಲಾಗದು.

"ಸೋರೋ ವಾಲ್ವ್ ಕಟ್ಟಿದವನ ಕೈಗೆ ಹಬೆ ಹೊಡೆದಿರಬೇಕು," ಎಂದಳು ಇನ್ಸ್‌ಪೆಕ್ಟರ್, ಯಾರನ್ನೂ ನೋಡದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮ್ಯಾನೇಜರನ ಕೈ ತೋಳಿನ ಗುಂಡಿಗೆ ಹೋಯಿತು. ಅಂಗಿಯ ತೋಳು ಮೇಲೆತ್ತಿಸಿದರೆ ಮೊಣಕೈತನಕ ಬೊಬ್ಬೆ.

ಬಾಯ್ಲರ್ ನಿಂತರೆ ಅವತ್ತಿನ ಬಟ್ಟೆ ಹೊರಡುವುದಿಲ್ಲವೆಂದು, ಹಬೆ ಮಾವ ಬರುವ ಮೊದಲೇ ತಾನೇ ಬಾಯ್ಲರ್ ಹೊತ್ತಿಸಿ ವಾಲ್ವ್ ಬಿಗಿದಿದ್ದ. ಪೈಪು ಸಿಡಿದಾಗ ಮೊದಲು ಓಡಿಬಂದವನೂ ಅವನೇ. ಆಂಬುಲೆನ್ಸ್ ಕರೆಯುವ ಮೊದಲು, ಬಿದ್ದವನ ಹೆಬ್ಬೆರಳು ಒತ್ತಿ ಫೋನ್ ತೆರೆದು ಆ ಮೆಸೇಜು ಕಳಿಸಿದ. ಅವನ ಈ ಹೇಳಿಕೆ ಬರೆದುಕೊಳ್ಳುವಾಗ ಇನ್ಸ್‌ಪೆಕ್ಟರ್‌ಗೆ ಹೇಸಿಗೆಯಾಯಿತು.

*

ಮೂರನೇ ದಿನ ಹಬೆ ಮಾವ ಕಣ್ಣು ಬಿಟ್ಟ.

"ತಪ್ಪು ನಿಮ್ಮದಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು ಅಪ್ಪ," ಎಂದಳು ಮಗಳು.

ಅವನ ನೋಟ ಆಕ್ಸಿಜನ್ ಸಿಲಿಂಡರಿನ ಮುಳ್ಳಿನ ಮೇಲೆ ನೆಟ್ಟಿತ್ತು.

"ಮೀಟರ್ ಸರಿಯಾಗಿದೆ, ಮಲ್ಕೊಳ್ಳಿ ತಾತ," ಎಂದಳು ನರ್ಸು.

ಹಬೆ ಮಾವನ ಒಣಗಿದ ತುಟಿ ಅಲುಗಿತು. ಮಗಳು ಕಿವಿಗೊಟ್ಟಳು.

"ಅದು ಗೇಜ್."