ಏಳನೇ ನಂಬರಿನ ಬದನೆ

ಊರ್ಮಿಳಾ ನರಿಮೊಗರಿನ ಗದ್ದೆಗೆ ಇಳಿದವಳು ಅಲ್ಲೇ ನಿಂತುಬಿಟ್ಟಳು. ಬದನೆಗಿಡಗಳು ಬಾಡಿ ಜೋತುಬಿದ್ದಿದ್ದವು. ಎಲ್ಲವೂ ಅಲ್ಲ — ಏಳನೇ ನಂಬರಿನ ಸಾಲುಗಳು ಮಾತ್ರ!

ಏಳನೇ ನಂಬರು ಅವಳ ತಳಿ. ಸೊರಗು ರೋಗಕ್ಕೆ ಬಗ್ಗದ ಬದನೆಗಾಗಿ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ದುಡಿದು ಪಡೆದದ್ದು. ಮರುದಿನ ತಳಿ ಆರಿಸುವ ಸಮಿತಿ ಬರುವುದಿತ್ತು. ಒಪ್ಪಿದರೆ ಬೀಜ ರೈತರ ಕೈಗೆ.

"ರೋಗವೇ," ಎಂದ ಸಹೋದ್ಯೋಗಿ ತಿರುಮಲೇಶ್ವರ. ಅದೇ ಗದ್ದೆಯಲ್ಲಿದ್ದ ಅವನ ತಳಿ ಹಸಿರಾಗಿತ್ತು. "ನಿಮ್ಮ ತಳಿ ತಡೀಲಿಲ್ಲ ಊರ್ಮಿಳಾ."

ಇಷ್ಟು ವರ್ಷದ ಕೆಲಸ ಸುಳ್ಳೇ? ಅವಳ ಬಾಯಿ ಒಣಗಿತು.

"ಅಚ್ಚುತ, ಒಂದು ಗ್ಲಾಸು ನೀರು ತನ್ನಿ."

ಸಹಾಯಕ ಅಚ್ಚುತ ಓಡಿದ. ಊರ್ಮಿಳಾ ಬಾಡಿದ ಕಾಂಡವೊಂದನ್ನು ಕತ್ತರಿಸಿ ಅವನು ತಂದ ನೀರಿಗೆ ಇಳಿಬಿಟ್ಟಳು. ರೋಗವಾದರೆ ತುದಿಯಿಂದ ಹಾಲಿನಂಥ ಎಳೆ ಇಳಿಯಬೇಕು. ಕಾದಳು. ನೀರು ತಿಳಿಯಾಗಿಯೇ ಇತ್ತು.

"ರೋಗ ಅಲ್ಲ!" ಊರ್ಮಿಳಾ ಗ್ಲಾಸನ್ನು ಎತ್ತಿ ತೋರಿಸಿದಳು. "ರೋಗವಾಗಿದ್ದರೆ ಹೋಲಿಕೆಗೆಂದು ಪಕ್ಕದ ಸಾಲಿನಲ್ಲಿ ನೆಟ್ಟ ಊರ ಬದನೆ ಮೊದಲು ಸಾಯಬೇಕಿತ್ತು. ಅದಕ್ಕೆ ರೋಗ ತಡೆಯುವ ಶಕ್ತಿಯೇ ಇಲ್ಲ."

ಬುಡ ಕೆದಕಿದಳು. ಅರ್ಧ ಕರಗಿದ ಕಲ್ಲುಪ್ಪು!

"ಯಾರು ಮಾರಾಯ್ರೆ ಇದು ಮಾಡಿದ್ದು?" ಗದ್ದೆಯ ಯಜಮಾನ ಸರ್ವೋತ್ತಮ ರೈ ಗುಡುಗಿದರು.

"ಅಚ್ಚುತನೇ ಇರ್ಬೇಕು," ಎಂದ ತಿರುಮಲೇಶ್ವರ. "ಪ್ರಯೋಗ ಮುಗಿದ್ರೆ ಅವನ ಕೆಲಸ ಹೋಗ್ತದೆ."

"ಎಂತ ಹೇಳುದು ಸಾರ್?" ಅಚ್ಚುತನ ಮುಖ ಬಿಳಿಚಿತು. "ನಾನೇ ನೀರೆರೆದು ಸಾಕಿದ ಗಿಡ ಅಲ್ವಾ?"

ಊರ್ಮಿಳಾ ಸಾಲಿನುದ್ದಕ್ಕೂ ನಡೆದಳು. ಮೂರನೇ ಪಾತಿಯ ಬಳಿ ಬಗ್ಗಿ, ಬಾಡಿದ ಎಲೆಯೊಂದನ್ನು ತಿರುವಿ ನೋಡಿದಳು.

"ತಿರುಮಲೇಶ್ವರ, ನಿನ್ನೆ ಮಧ್ಯಾಹ್ನ ಗಿಡ ಚೆನ್ನಾಗಿತ್ತು. ಸಂಜೆ ನೀವು ಎಲ್ಲಿದ್ರಿ?"

"ಪುತ್ತೂರಿನ ಲಾಡ್ಜಿನಲ್ಲಿ. ಯಾಕೆ?"

"ಈ ಪಾತಿಯಲ್ಲಿ ಸತ್ತದ್ದು ಯಾವ ತಳಿ?"

"ನಿಮ್ಮದೇ. ಚೀಟಿಯಲ್ಲಿ ಏಳು ಅಂತ ಉಂಟಲ್ಲ!"

"ಇದು ಊರ ಬದನೆ. ಎಲೆಯಲ್ಲಿ ಮುಳ್ಳು ನೋಡಿ, ನನ್ನ ತಳಿಗೆ ಮುಳ್ಳಿಲ್ಲ. ರೈಗಳ ಕರು ನನ್ನ ಗಿಡಗಳನ್ನು ತುಳಿದಿತ್ತು. ಖಾಲಿ ಬಿಡಬಾರದೆಂದು ಹೋದ ವಾರ ನಾನು, ಅಚ್ಚುತ, ರೈಗಳು ಮೂವರೂ ಸೇರಿ ಇವನ್ನು ನೆಟ್ಟೆವು. ಚೀಟಿ ಬದಲಿಸಲಿಲ್ಲ. ನನ್ನ ತಳಿ ಕೊಲ್ಲಬೇಕೆಂದಿದ್ದರೆ ಅಚ್ಚುತ ಇದಕ್ಕೆ ಯಾಕೆ ಉಪ್ಪು ಹಾಕ್ತಾರೆ? ರೈಗಳು ಯಾಕೆ ಹಾಕ್ತಾರೆ? ಗೊತ್ತಿಲ್ಲದವರು ನೀವೊಬ್ಬರೇ. ಮುಸ್ಸಂಜೆಯಲ್ಲಿ ಗಿಡ ನೋಡಲಿಲ್ಲ, ನಂಬರು ನೋಡಿದಿರಿ."

ತಿರುಮಲೇಶ್ವರ ತಲೆ ತಗ್ಗಿಸಿದ. "ಸಮಿತಿ ನಿಮ್ಮದನ್ನೇ ಆರಿಸುದು ಅಂತ ಗೊತ್ತಿತ್ತು..."

"ನಾಳೆ ಸಮಿತಿಯ ಎದುರು ಅದನ್ನು ನೀವೇ ಹೇಳಿ."

ಅವನು ರಸ್ತೆಯ ಕಡೆ ನಡೆದ. ಅಚ್ಚುತ ಗದ್ದೆಯ ಬದುವಿನಲ್ಲಿ ಕುಸಿದು ಕೂತು ಮುಖ ಒರೆಸಿಕೊಂಡ. ಊರ್ಮಿಳೆಗೆ ಸಿಟ್ಟಿಗಿಂತ ಹೆಚ್ಚಾಗಿ ಸಮಾಧಾನವಾಗಿತ್ತು. ಗಿಡ ಅವಳಿಗೆ ಸುಳ್ಳು ಹೇಳಿರಲಿಲ್ಲ.

"ಮೇಡಂ, ಪುನಃ ನೆಡ್ಲಿಕ್ಕೆ ಬೀಜ ಉಂಟಾ?" ರೈಗಳು ಕೇಳಿದರು. "ಮೇಲಿನ ಗದ್ದೆ ಖಾಲಿ ಉಂಟು."

"ಡಬ್ಬಿ ತುಂಬ ಉಂಟು ರೈಗಳೇ!" ಎಂದು ನಕ್ಕಳು ಊರ್ಮಿಳಾ.