ಮುತ್ತಲದ ಹೂವಿನ ಹುಳ

"ಹುಳ ಎಲ್ಲೈತ್ರಿ?" ಎಂದು ಕೇಳಿದೆ.

"ಬಿಟ್ಟ ಬಿಟ್ಟೆನ್ರಿ," ಎಂದ ಗುರುಸಿದ್ದ, ದೊಡ್ಡ ಪುಣ್ಯದ ಕೆಲಸ ಮಾಡಿದವನ ಹಾಗೆ ನಗುತ್ತ.

ಬೀಳಗಿ ಕಡೆಯ ಕುರುಚಲು ಕಾಡು. ಅವನ ಬಾಡಿಗೆ ಜೀಪಿನ ಸೀಟಿನ ಮೇಲೆ ನನ್ನ ಗಾಜಿನ ಪ್ಲೇಟು, ಪಕ್ಕದಲ್ಲಿ ಅದರ ಮುಚ್ಚಳ. ನಾನು ಇನ್ನೊಂದು ಮರ ನೋಡಿ ಬರುವಷ್ಟರಲ್ಲಿ ಈ ಮಹಾರಾಯ ಇಷ್ಟು ಮಾಡಿಟ್ಟಿದ್ದ.

ನಾನು ತೇರದಾಳದ ಜೈನರ ಮನೆಯ ತ್ರಿಶಲಾ. ಧಾರವಾಡದಲ್ಲಿ ಕಾಡು ಈಸ್ಟ್‌ಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಿಟ್ಟು ಉಬ್ಬಿಸುವ ಈಸ್ಟಿನ ಬಂಧುಬಳಗ ಹೂವಿನ ಮಕರಂದದಲ್ಲೂ ಇರುತ್ತದೆ. ಹೂವಿನಿಂದ ಹೂವಿಗೆ ಅದನ್ನು ಹೊತ್ತೊಯ್ಯುವುದು ಹುಳಗಳು. ಕೆಲವರು ಹುಳವನ್ನೇ ಅರೆದು ಪರೀಕ್ಷೆ ಮಾಡುತ್ತಾರೆ. ನನ್ನ ಕೈಲಿ ಅದು ಆಗದು. ಪ್ಲೇಟಿನ ಜೆಲ್ಲಿಯ ಮೇಲೆ ಹುಳವನ್ನು ಓಡಾಡಿಸಿ, ಬಂದ ಹೂವಿಗೇ ಬಿಟ್ಟುಬಿಡುತ್ತೇನೆ. ಅದು ನಡೆದ ದಾರಿಯಲ್ಲಿ ಆಮೇಲೆ ಈಸ್ಟ್ ಬೆಳೆಯುತ್ತದೆ.

"ಜೀವಕ್ಕ ತ್ರಾಸ ಕೊಡಬಾರದಂತ ನೀವ ಹೇಳಿದ್ರಲ್ಲ," ಎಂದ ಅವನು. "ಪಾಪ, ಒಳಗ ಒದ್ದಾಡಾಕತ್ತಿತ್ತು. ಬೆರಳ ಹಿಡದೆ, ಏರಿ ಬಂತು."

"ಜೆಲ್ಲಿ ಮ್ಯಾಲ ಬೆರಳ ಇಟ್ರಿ?"

"ಒಂದೀಟ ತಾಗೇತ್ರಿ."

ನನ್ನ ಪಿತ್ತ ನೆತ್ತಿಗೇರಿತು. ಬೆರಳು ತಾಗಿದರೆ ಅದರ ಮೇಲಿನ ಸೂಕ್ಷ್ಮಜೀವಿಗಳೂ ಜೆಲ್ಲಿಯಲ್ಲಿ ಬೆಳೆದು ಪ್ಲೇಟು ಕೆಡುತ್ತದೆ. ಮುತ್ತಲದ, ಅಂದರೆ ಮುತ್ತುಗದ, ಹೂವಿನ ಕಾಲ ಮುಗಿಯುತ್ತ ಬಂದಿತ್ತು. ಅಂಥ ಪುಟ್ಟ ಕಪ್ಪು ಹುಳ ಸಿಕ್ಕಿದ್ದು ಅದೊಂದೇ. ಬಾಯಿಗೆ ಬಂದದ್ದೆಲ್ಲ ಅಂದೆ. "ಇನ್ನ ನಿಮ್ಮ ಜೀಪ್ ಬ್ಯಾಡ್ರಿ. ಬಸ್ಸಿಗೆ ಹೋಗ್ತೀನಿ," ಅಂತಲೂ ಅಂದೆ. ಧಾರವಾಡಕ್ಕೆ ಹೊರಡುವ ದಿನ ಬಾಗಲಕೋಟೆವರೆಗೆ ತಾನೇ ಬಿಡುತ್ತೇನೆ ಎಂದಿದ್ದ. ಆ ದಾರಿಯಲ್ಲಾದರೂ ಅವನು ಏನಾದರೂ ಹೇಳಿಯಾನು ಎಂದು ನಾನು ಒಳಗೊಳಗೇ ಕಾದಿದ್ದೆ. ಅದಕ್ಕೂ ನನ್ನ ಕೈಯಾರೆ ಕಲ್ಲು ಹಾಕಿಕೊಂಡೆ.

ಅವನು ಒಮ್ಮೆ ಸೂರ್ಯನನ್ನು ನೋಡಿದ. "ಹೊತ್ತ ಮುಳುಗಿದ್ರ ನೀವು ಉಣ್ಣಂಗಿಲ್ಲ. ಹತ್ರಿ ಲಗೂನ," ಎಂದು ಜೀಪು ಓಡಿಸಿದ. ಬೈಸಿಕೊಂಡವನಿಗೆ ನನ್ನ ಊಟದ ಚಿಂತೆ!

ಆಮೇಲೆ ಅವನು ಬೀಳಗಿಯಲ್ಲಿ ನಾನು ಕೋಣೆ ಹಿಡಿದಿದ್ದ ಓಣಿಯಲ್ಲಿ ಹಾದರೂ ತಲೆ ಎತ್ತಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವನ ತಾಯಿ ಶಿವವ್ವ ನನ್ನ ಬಾಡಿಗೆ ಕೋಣೆಗೆ ರೊಟ್ಟಿ ಕಟ್ಟಿಕೊಂಡು ಬಂದರು.

"ಏನ್ ಮಾಡೀಯವ್ವಾ ನನ್ನ ಮಗಗ? ಹೊತ್ತ ಮುಳುಗೂದ್ರಾಗ ಉಂಡ ಏಳತಾನ. ಪಲ್ಯಾದಾಗ ಉಳ್ಳಾಗಡ್ಡಿ ಇದ್ರ ತಾಟ ಸರಸ್ತಾನ, ಥೇಟ್ ನಿಮ್ಮ ಜೈನರಂಗ."

"ಯಾವಾಗಿಂದರಿ?"

"ನಿನ್ನ ಕೂಡ ಕಾಡಿಗೆ ಹೋಗಾಕ ಹತ್ತಿದಾಗಿಂದ."

ಅವರು ಹೋದ ಮೇಲೆ, ಎಸೆದುಬಿಡೋಣ ಎಂದು ಮೂಲೆಗಿಟ್ಟಿದ್ದ ಪ್ಲೇಟನ್ನು ಕೈಗೆತ್ತಿಕೊಂಡೆ. ಜೆಲ್ಲಿಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳ ಸಾಲು ಸುತ್ತಿ ಬಳಸಿ ಬೆಳೆದಿತ್ತು. ಅಂಚಿನಲ್ಲಿ ಒಂದು ಬೆರಳ ಗುರುತು, ತಿಳಿ ಗುಲಾಬಿ ಬಣ್ಣದ್ದು. ಎಲ್ಲೆಲ್ಲೋ ಅಲೆದ ಹುಳ ಕೊನೆಗೆ ನೆಟ್ಟಗೆ ಆ ಬೆರಳಿಗೇ ಹೋಗಿತ್ತು. ಬೆರಳು ತಾಗಿದ್ದು ಅಂಚಿಗಷ್ಟೇ; ಏನೂ ಹಾಳಾಗಿರಲಿಲ್ಲ, ನಾನು ಬೈದದ್ದೇ ದಂಡವಾಗಿತ್ತು.

ಬಸ್ ಸ್ಟ್ಯಾಂಡಿನ ಎದುರು ಜೀಪು ನಿಂತಿತ್ತು. ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ. ಪ್ಲೇಟನ್ನು ಅವನ ಮುಂದೆ ಹಿಡಿದೆ.

"ಬಿಳೀದು ಹುಳ ನಡದ ದಾರಿ. ಗುಲಾಬಿ ನಿಮ್ಮ ಬೆರಳು."

ಬಗ್ಗಿ ನೋಡಿದ. "ಕೆಡಿಸಿಬಿಟ್ಟೆ ಅಲ್ರಿ?"

"ಇಲ್ಲ. ನನಗ ಬೇಕಾದ್ದೆಲ್ಲಾ ಆ ದಾರ್ಯಾಗ ಐತಿ. ಸುಮ್ ಸುಮ್ನ ಬೈದೆ. ತಪ್ಪಾತ್ರಿ."

"ಮತ್ತ ನನ್ನ ಬೆರಳಿನ ಗುರುತು? ಕೆರದ ಒಗೀತೀರಿ?"

"ಇಟ್ಕೋತೀನಿ."

ಅವನ ಕಿವಿ ಕೆಂಪಾದವು. ನಾನೂ ಬಿಡಲಿಲ್ಲ.

"ಹೊತ್ತ ಮುಳುಗೂದ್ರಾಗ ಯಾಕ ಉಣ್ಣಾಕತ್ತೀರಿ?"

"ಅವ್ವ ಹೇಳಿದ್ಲೇನ್ರಿ?" ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ನಿಮ್ಮ ಊಟ ಆದ ಮ್ಯಾಲ ನನಗೊಬ್ಬನಿಗೇ ತುತ್ತ ಇಳ್ಯಂಗಿಲ್ರಿ. ಖರೇ ಹೇಳ್ಲಿ? ಇನ್ನ ಮುಂದ ದಿನಾ ನಿಮ್ಮ ಜೋಡೀನ ಉಣಬೇಕಂತ ಆಸೆ ಐತ್ರಿ."

ಬಾಗಲಕೋಟೆ ಬಸ್ಸು ಬಂದು ಹಾರ್ನ್ ಹೊಡೆಯಿತು. ನಾನು ಅತ್ತ ತಿರುಗಲಿಲ್ಲ.

"ಹಂಗಾದ್ರ ತೇರದಾಳಕ್ಕ ಬಂದು ನಮ್ಮಪ್ಪನ ಮುಂದ ಈ ಮಾತ ಹೇಳ್ರಿ," ಎಂದೆ. "ಹೊತ್ತ ಮುಳುಗೂದ್ರಾಗ ಬರ್ರಿ ಮತ್ತ. ನಮ್ಮವ್ವ ಉಣ್ಣಿಸದ ಕಳಸಂಗಿಲ್ಲ."

ಗುರುಸಿದ್ದ ತಲೆ ಎತ್ತಿ ಸೂರ್ಯನನ್ನು ನೋಡಿದ. ಬಿಸಿಲು ಇನ್ನೂ ನೆತ್ತಿಗೇರಿರಲಿಲ್ಲ.

"ರಗಡ ಹೊತ್ತೈತ್ರಿ," ಎಂದು ನನ್ನ ಬ್ಯಾಗು ಎತ್ತಿ ಜೀಪಿನಲ್ಲಿಟ್ಟ. "ಇವತ್ತ ತೇರದಾಳ ಮುಟ್ಟತೀವಿ."